ಹಿಮ ಬಿಟ್ಟುಹೋದ ಮಣ್ಣು: ಮೈಸೂರಿನಲ್ಲಿ ಕೂತು ಉತ್ತರ ಕೆನಡಾದ ನಕ್ಷೆ ಬಿಡಿಸುವ ಬಗೆ

ಉಪಗ್ರಹ ಚಿತ್ರ ಅಂದ ಕೂಡಲೇ ಎಲ್ಲರ ಕಣ್ಣು ಬಣ್ಣದ ಮೇಲೆ ಬೀಳುತ್ತದೆ. ಕೆಂಪು ಕಂಡರೆ ಗಿಡ, ಕಪ್ಪು ಕಂಡರೆ ನೀರು. ಮಂಡ್ಯದ ಗದ್ದೆ ಬಯಲಿಗೆ ಅಷ್ಟು ಸಾಕು. ಉತ್ತರ ಕೆನಡಾದ ಮರವಿಲ್ಲದ ಬಯಲಿಗೆ ಸಾಲದು. ಹಿಮಯುಗ ಬಿಟ್ಟುಹೋದ ನೆಲವನ್ನು ಓದಬೇಕಾದರೆ ಮೊದಲು ಆಕಾರ ನೋಡಬೇಕು, ಆಮೇಲೆ ಬಣ್ಣ. ಕಂಪ್ಯೂಟರ್ ಕೈಗೆ ಕೊಡುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದರೆ ನಕ್ಷೆ ನೋಡಲು ಚೆನ್ನಾಗಿರುತ್ತದೆ, ಉಪಯೋಗಕ್ಕೆ ಬರುವುದಿಲ್ಲ.

ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದುವವರು, ಮಂಡ್ಯದಲ್ಲಿ ಸಿವಿಲ್ ಮುಗಿಸಿ ಜಿಐಎಸ್ (ಕಂಪ್ಯೂಟರ್ ನಕ್ಷೆಯ ಕೆಲಸ) ಕಡೆ ಹೊರಳಿದವರು, ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. "ಸರ್, ಫ್ರಿಜ್ ಬಿಟ್ಟರೆ ಬೇರೆಲ್ಲೂ ಹಿಮ ನೋಡಿಲ್ಲ, ನಮಗೆ ಯಾಕಿದು?" ಅಂತ ಹುಡುಗರು ಕೇಳುತ್ತಾರೆ. ನೀವು ನಕ್ಷೆ ಮಾಡುವ ಜಾಗದಲ್ಲೂ ಈಗ ಹಿಮನದಿ ಇಲ್ಲ. ಅದು ಕರಗಿ ಹೋದ ಮೇಲೆ ಉಳಿದ ಮಣ್ಣು, ಮರಳು, ಕಲ್ಲು, ದಿಬ್ಬಗಳೇ ನಮ್ಮ ವಿಷಯ.

ಬೇಕಾಗುವ ಸಾಮಾನು ಕಡಿಮೆ. 8 ಜಿಬಿ ರಾಮ್ ಇರುವ ಲ್ಯಾಪ್‌ಟಾಪ್, ಕ್ಯೂಜಿಐಎಸ್ ಸಾಫ್ಟ್‌ವೇರ್, ಸುಮಾರಾದ ಇಂಟರ್ನೆಟ್. ಚಿತ್ರಗಳೆಲ್ಲ ಉಚಿತ. ತಾಳ್ಮೆ ಮಾತ್ರ ನಿಮ್ಮದೇ ತರಬೇಕು.

ಅಲ್ಲಿ ಏನಾಗಿತ್ತು ಅಂತ ಮೊದಲು ತಿಳಿಯಿರಿ

ಸುಮಾರು 20,000 ವರ್ಷಗಳ ಹಿಂದೆ ಕೆನಡಾದ ಬಹುಪಾಲು ಲಾರೆಂಟೈಡ್ ಎಂಬ ಹಿಮಹಾಸಿನ ಅಡಿಯಲ್ಲಿತ್ತು. ಹಡ್ಸನ್ ಕೊಲ್ಲಿಯ ಕಡೆ ಅದು ಸುಮಾರು 3 ಕಿ.ಮೀ. ದಪ್ಪವಿತ್ತು. ಅಷ್ಟು ದಪ್ಪದ ಹಿಮ ಸುಮ್ನೆ ಕೂರುವುದಿಲ್ಲ. ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಹರಿಯುತ್ತಾ ಬಂಡೆಯನ್ನು ಉಜ್ಜುತ್ತದೆ, ಕೀಳುತ್ತದೆ, ಪುಡಿ ಮಾಡಿ ಹೊತ್ತೊಯ್ದು ಬೇರೆಲ್ಲೋ ಸುರಿಯುತ್ತದೆ. ಜೇಡಿಯಿಂದ ಹಿಡಿದು ಆಳೆತ್ತರದ ಬಂಡೆಯವರೆಗೆ ಎಲ್ಲ ಕಲಸಿದ ಈ ಮಣ್ಣಿಗೆ ಟಿಲ್ ಎನ್ನುತ್ತಾರೆ.

ಮಂಡ್ಯದ ಕಡೆ ಕೆಂಪು ಮಣ್ಣನ್ನು ಆಳಕ್ಕೆ ತೋಡಿದರೆ ಅದು ಯಾವ ನೈಸ್ ಬಂಡೆ ಶಿಥಿಲವಾಗಿ ಆಗಿದೆಯೋ ಆ ಬಂಡೆಯೇ ಕೆಳಗೆ ಸಿಗುತ್ತದೆ. ಮಣ್ಣು ಹುಟ್ಟಿದ ಜಾಗದಲ್ಲೇ ಇದೆ. ಕೆನಡಾದಲ್ಲಿ ಹಾಗಲ್ಲ. ಹಡ್ಸನ್ ಕೊಲ್ಲಿಯ ಪಶ್ಚಿಮಕ್ಕಿರುವ ದುಬಾಂಟ್ ಸರೋವರದ ಸೀಮೆಯ ಕೆಂಪು ಕಲ್ಲುಗಳು ಹಿಮದ ಜೊತೆ ಹೋಗಿ ಹಡ್ಸನ್ ಕೊಲ್ಲಿಯ ದಡದಲ್ಲಿ ಬಿದ್ದಿವೆ. ಹಾಗಾಗಿ ಕಾಲ ಕೆಳಗಿನ ಮಣ್ಣು ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾದರೆ ತುಂಬಾ ಬೆಲೆ. ಭೂವಿಜ್ಞಾನಿಗಳಾದ ಚಕ್ ಫಿಪ್ಕಿ ಮತ್ತು ಸ್ಟುವರ್ಟ್ ಬ್ಲಸನ್ ಹಿಮ ಎಳೆದು ತಂದ ಮಣ್ಣಿನಲ್ಲಿ ವಜ್ರದ ಜೊತೆಗಾರ ಖನಿಜಗಳನ್ನು ಹುಡುಕುತ್ತಾ, ಹಿಮ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು. 1991ರಲ್ಲಿ ಲಾಕ್ ಡೆ ಗ್ರಾ ಸರೋವರದ ಬಳಿ ವಜ್ರದ ಬಂಡೆ ಸಿಕ್ಕಿತು. 1998ರಲ್ಲಿ ಎಕಾಟಿ ಗಣಿ ಶುರುವಾಯಿತು.

ನಡೆದೇ ನೋಡಬಹುದಲ್ವಾ ಅಂದರೆ, ಜಾಗದ ಅಳತೆ ನೋಡಿ. ನುನಾವುಟ್ ಪ್ರಾಂತ್ಯ ಒಂದೇ ನಮ್ಮ ಕರ್ನಾಟಕದ ಹತ್ತು ಪಟ್ಟಿಗಿಂತ ದೊಡ್ಡದು. ಜನ ಸುಮಾರು 40 ಸಾವಿರ ಅಷ್ಟೇ. ಒಂದು ಊರಿಂದ ಇನ್ನೊಂದು ಊರಿಗೆ ರಸ್ತೆ ಇಲ್ಲ. 1893ರಲ್ಲಿ ಕೆನಡಾದ ಭೂವಿಜ್ಞಾನಿ ಜೋಸೆಫ್ ಟಿರೆಲ್ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ದುಬಾಂಟ್ ದಾಟಿದ. ಈಗ ಹೆಲಿಕಾಪ್ಟರ್ ಇದೆ, ಆದರೆ ಗಂಟೆಗೆ ಇಷ್ಟು ಅಂತ ಬಾಡಿಗೆ ಸುರಿಯಬೇಕು. ಅದಕ್ಕೇ ಕೆನಡಾದ ಭೂವೈಜ್ಞಾನಿಕ ಸಮೀಕ್ಷೆಯವರು ಮೊದಲು ಚಿತ್ರ ನೋಡಿ ಊಹೆಯ ನಕ್ಷೆ ಮಾಡಿ, ಆಮೇಲೆ ಬೇಕಾದ ಕಡೆ ಮಾತ್ರ ಇಳಿದು ನೋಡುವ ಪದ್ಧತಿ ಬೆಳೆಸಿದ್ದಾರೆ.

ಮೊದಲ ಕೆಲಸ: ಕಣ್ಣು ಪಳಗಿಸಿಕೊಳ್ಳಿ, ಅದೂ ಇಲ್ಲೇ

ನೇರವಾಗಿ ಕೆನಡಾಗೆ ಹೋಗಬೇಡಿ. ಕೊಪರ್ನಿಕಸ್ ಬ್ರೌಸರ್ ಎಂಬ ವೆಬ್‌ಸೈಟ್ ತೆರೆದು, ಯುರೋಪಿನ ಸೆಂಟಿನೆಲ್-2 ಉಪಗ್ರಹ ತೆಗೆದ ಜನವರಿಯ ಒಂದು ಮೋಡವಿಲ್ಲದ ಚಿತ್ರ ಆರಿಸಿ. ಕೆಆರ್‌ಎಸ್, ಶ್ರೀರಂಗಪಟ್ಟಣ, ಪಾಂಡವಪುರ ಒಂದೇ ಚಿತ್ರದಲ್ಲಿ ಬರಲಿ. ಬ್ಯಾಂಡ್ ಅಂದರೆ ಒಂದೊಂದು ಬಗೆಯ ಬೆಳಕನ್ನು ಹಿಡಿದ ಪದರ. ಬ್ಯಾಂಡ್ 8, 4, 3ನ್ನು ಕೆಂಪು, ಹಸಿರು, ನೀಲಿಗೆ ಹಾಕಿ. 8 ಕಣ್ಣಿಗೆ ಕಾಣದ ಅವಗೆಂಪು ಬೆಳಕು, ಅದಕ್ಕೇ ಗಿಡ ಕೆಂಪಗೆ ಕಾಣುತ್ತದೆ. ಭತ್ತ ಕೊಯ್ದ ಗದ್ದೆ, ನಿಂತಿರುವ ಕಬ್ಬು, ತೆಂಗಿನ ತೋಟ, ಕುಂತಿಬೆಟ್ಟದ ಬೋಳು ಬಂಡೆ, ಪ್ರತಿಯೊಂದೂ ಬೇರೆ ಬೇರೆ ಕಾಣಬೇಕು. ಒಂದು ಹತ್ತು ಜಾಗ ಗುರುತು ಹಾಕಿ, ಇದು ಕಬ್ಬು, ಇದು ಬಂಡೆ ಅಂತ ಬರೆದುಕೊಳ್ಳಿ. ಭಾನುವಾರ ಗಾಡಿ ತಗೊಂಡು ಹೋಗಿ ನೋಡಿ ಬನ್ನಿ. ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಅಲ್ಲೇ ಗೊತ್ತಾಗುತ್ತದೆ. ಕೆನಡಾದ ವಿಷಯದಲ್ಲಿ ಈ ಅನುಕೂಲ ನಿಮಗೆ ಸಿಗುವುದಿಲ್ಲ, ಅದಕ್ಕೇ ಹೇಳಿದ್ದು.

ಜಾಗ ಆರಿಸಿ, ಪ್ರೊಜೆಕ್ಷನ್ ಸರಿಮಾಡಿ

ಮೊದಲ ಸಲಕ್ಕೆ 50 ಕಿ.ಮೀ. ಉದ್ದ, 50 ಕಿ.ಮೀ. ಅಗಲದ ಚೌಕ ಸಾಕು. ದುಬಾಂಟ್ ಸರೋವರದ ಸುತ್ತಮುತ್ತ ತೆಗೆದುಕೊಳ್ಳಿ ಅಂತ ನನ್ನ ಸಲಹೆ. ಮರಗಳಿಲ್ಲ, ದಿಬ್ಬಗಳು ಸ್ಪಷ್ಟವಾಗಿವೆ. ಹಿಮಯುಗದ ಕೊನೆಯಲ್ಲಿ ಅಲ್ಲಿ ಹಿಮ ಪ್ರವಾಹದ ಹಾಗೆ ಜೋರಾಗಿ ವಾಯವ್ಯದ ಕಡೆ ಹರಿದಿತ್ತು. ಅದು ಕೊರೆದ ಕೆಲವು ಏಣುಗಳು 10 ಕಿ.ಮೀ.ಗಿಂತ ಉದ್ದ ಇವೆ.

ಈಗ ಒಂದು ಮುಖ್ಯ ಮಾತು. ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ನಮ್ಮ ಊರಿನ ಡೇಟಾವನ್ನು ಅಕ್ಷಾಂಶ-ರೇಖಾಂಶದಲ್ಲೇ ತೆರೆದು ಕೆಲಸ ಮಾಡುವುದು ಅನೇಕರಿಗೆ ರೂಢಿ. ಮೈಸೂರಿನಲ್ಲಿ ಅದರಿಂದ ದೊಡ್ಡ ತೊಂದರೆ ಇಲ್ಲ, ಯಾಕೆಂದರೆ ಇಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 109 ಕಿ.ಮೀ., ಒಂದು ಡಿಗ್ರಿ ಅಕ್ಷಾಂಶವೂ ಹತ್ತಿರ ಹತ್ತಿರ ಅಷ್ಟೇ. 63 ಡಿಗ್ರಿ ಉತ್ತರದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 50 ಕಿ.ಮೀ.ಗೆ ಕುಗ್ಗುತ್ತದೆ. ಅಲ್ಲಿ ಹಾಗೇ ತೆರೆದರೆ ಚಿತ್ರ ಪೂರ್ವ-ಪಶ್ಚಿಮಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಉತ್ತರದಿಂದ 45 ಡಿಗ್ರಿಗೆ ಓಡುವ ದಿಬ್ಬ ಪರದೆಯ ಮೇಲೆ ಸುಮಾರು 65 ಡಿಗ್ರಿಯಲ್ಲಿ ಕಾಣುತ್ತದೆ. ಹಿಮ ಹರಿದ ದಿಕ್ಕನ್ನೇ ಅಳೆಯಲು ಹೊರಟವರಿಗೆ ಇಪ್ಪತ್ತು ಡಿಗ್ರಿ ತಪ್ಪು ಅಂದರೆ ಕೆಲಸವೇ ಕೆಟ್ಟಂತೆ.

ದುಬಾಂಟ್‌ಗೆ ಯುಟಿಎಂ ಎಂಬ, ಮೀಟರ್ ಲೆಕ್ಕದ ಪ್ರೊಜೆಕ್ಷನ್‌ನ 14ನೇ ವಲಯ ಇಟ್ಟುಕೊಳ್ಳಿ. ಪ್ರಾಜೆಕ್ಟ್ ಶುರು ಮಾಡಿದಾಗಲೇ ಇದನ್ನು ಹಾಕಿ, ಆಮೇಲೆ ನೋಡೋಣ ಅಂತ ಬಿಡಬೇಡಿ.

ಚಿತ್ರ ಇಳಿಸುವುದು

ಸೆಂಟಿನೆಲ್-2ರ ಎಲ್2ಎ ಚಿತ್ರ ತೆಗೆದುಕೊಳ್ಳಿ, ಅದರಲ್ಲಿ ವಾತಾವರಣದ ಮಬ್ಬನ್ನು ಆಗಲೇ ಕಳೆದಿರುತ್ತಾರೆ. ಮುಖ್ಯ ಬ್ಯಾಂಡ್‌ಗಳಲ್ಲಿ ಒಂದು ಚುಕ್ಕೆ (ಪಿಕ್ಸೆಲ್) ನೆಲದ ಮೇಲೆ 10 ಮೀಟರ್. ಹಳೆಯ ವರ್ಷಗಳು ಬೇಕಾದರೆ ಲ್ಯಾಂಡ್‌ಸ್ಯಾಟ್ ಇದೆ. ಅದರ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ಈಗಿನ ಲ್ಯಾಂಡ್‌ಸ್ಯಾಟ್ 8 ಮತ್ತು 9ರ ಚುಕ್ಕೆ 30 ಮೀಟರ್.

ತಿಂಗಳು ಮುಖ್ಯ. ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಮಾತ್ರ ಹುಡುಕಿ. ಅದಕ್ಕೂ ಮೊದಲು ದೊಡ್ಡ ಸರೋವರಗಳ ಮೇಲೆ ಮಂಜುಗಡ್ಡೆ, ದಿಬ್ಬಗಳ ಮರೆಯಲ್ಲಿ ಹಿಮ ಉಳಿದಿರುತ್ತದೆ. ಸೆಪ್ಟೆಂಬರ್ ದಾಟಿದರೆ ಮತ್ತೆ ಹಿಮ ಬೀಳಲು ಶುರು. ಧ್ರುವದ ಕಡೆ ಹೋದಷ್ಟೂ ಉಪಗ್ರಹದ ದಾರಿಗಳು ಒಂದರ ಮೇಲೊಂದು ಬರುತ್ತವೆ, ಹಾಗಾಗಿ ಒಂದೇ ಜಾಗದ ಚಿತ್ರಗಳು ನಮಗಿಂತ ಅವರಿಗೆ ಜಾಸ್ತಿ ಸಿಗುತ್ತವೆ. ಮೋಡ ಇದ್ದರೆ ಬಿಟ್ಟು ಮುಂದಿನದಕ್ಕೆ ಹೋಗಿ. ಒಂದೇ ವರ್ಷದ್ದೇ ಆಗಬೇಕು ಅನ್ನುವ ಹಟ ಬೇಡ. ಹತ್ತು ಸಾವಿರ ವರ್ಷ ಕೂತಿರುವ ದಿಬ್ಬ ಮೂರು ವರ್ಷದಲ್ಲಿ ಎಲ್ಲಿಗೂ ಹೋಗಲ್ಲ.

ಎರಡು ಸಂಯೋಜನೆ ಮಾಡಿಟ್ಟುಕೊಳ್ಳಿ. ಒಂದು 8, 4, 3. ಇನ್ನೊಂದು 12, 8, 4. ಎರಡನೆಯದು ಒದ್ದೆ ನೆಲ ಮತ್ತು ಒಣ ನೆಲವನ್ನು ಚೆನ್ನಾಗಿ ಬೇರೆ ಮಾಡುತ್ತದೆ. ಬರಿಗಣ್ಣಿನ ಬಣ್ಣದಲ್ಲಿ ಉಳಿದ ಹಿಮವೂ ಬೆಳ್ಳಗೆ, ಒಣ ಮರಳೂ ಬೆಳ್ಳಗೆ. ಗುರುತಿಸುವುದು ಕಷ್ಟ. ಬ್ಯಾಂಡ್ 11 ಒಂದನ್ನೇ ತೆರೆದು ನೋಡಿ: ಹಿಮ ಕಪ್ಪಗಾಗುತ್ತದೆ, ಮರಳು ಬೆಳ್ಳಗೇ ಉಳಿಯುತ್ತದೆ.

ಮೋಡ ಬಿಡದಿದ್ದರೆ ರೇಡಾರ್ ಇದೆ. ಸೆಂಟಿನೆಲ್-1ರ ಚಿತ್ರದಲ್ಲಿ ಕಲ್ಲು ಹರಡಿದ ಒರಟು ನೆಲ ಹೊಳೆಯುತ್ತದೆ, ನುಣುಪಾದ ಮರಳು ಕಪ್ಪಗಿರುತ್ತದೆ. 2025ರ ಜುಲೈನಲ್ಲಿ ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹ ಕೂಡ ಇದೇ ಜಾತಿಯದು, ಅಲೆಯ ಉದ್ದ ಮಾತ್ರ ಬೇರೆ. ಶುರುವಿಗೆ ಇದ್ಯಾವುದೂ ಬೇಕಾಗಿಲ್ಲ.

ಎತ್ತರದ ಡೇಟಾ: ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ

ನಮ್ಮಲ್ಲಿ ಎತ್ತರ ಅಂದರೆ ಎಲ್ಲರೂ ಎಸ್‌ಆರ್‌ಟಿಎಂ ಇಳಿಸುತ್ತಾರೆ. ಅದು 60 ಡಿಗ್ರಿ ಉತ್ತರಕ್ಕೆ ನಿಂತುಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಆರ್ಕ್ಟಿಕ್‌ಡೆಮ್ ಬಳಸಿ. ಮಿನ್ನೆಸೋಟ ವಿಶ್ವವಿದ್ಯಾಲಯದ ಧ್ರುವ ಕೇಂದ್ರದವರು ಜೋಡಿ ಉಪಗ್ರಹ ಚಿತ್ರಗಳಿಂದ ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ಚುಕ್ಕೆ 2 ಮೀಟರ್, ನಮ್ಮ ಪಾಲಿಗೆ ಹಬ್ಬದೂಟ. ಆದರೆ ಒಟ್ಟಿಗೇ ಬಡಿಸಿಕೊಳ್ಳಬೇಡಿ. 50 ಕಿ.ಮೀ. ಚೌಕಕ್ಕೆ 2 ಮೀಟರ್‌ನಂತೆ 62.5 ಕೋಟಿ ಚುಕ್ಕೆ ಆಗುತ್ತವೆ, ಸುಮಾರು 2.5 ಜಿಬಿ. ಲ್ಯಾಪ್‌ಟಾಪ್ ಉಸಿರು ಕಟ್ಟಿ ನಿಲ್ಲುತ್ತದೆ. ಅದೇ ಡೇಟಾದ 10 ಮೀಟರ್ ರೂಪವೂ ಸಿಗುತ್ತದೆ, ಅದು 100 ಎಂಬಿ ಅಷ್ಟೇ. ಅದರಲ್ಲೇ ಕೆಲಸ ಶುರು ಮಾಡಿ, ಅನುಮಾನ ಬಂದ ಜಾಗಕ್ಕೆ ಮಾತ್ರ 2 ಮೀಟರ್ ತರಿಸಿ. ಸರೋವರಗಳ ಮೇಲೆ ಕಾಣುವ ಗೀಚು, ಗುಂಡಿಗಳು ನಿಜವಲ್ಲ. ನೀರಿನ ಮೇಲೆ ಈ ವಿಧಾನ ಕೆಲಸ ಮಾಡುವುದಿಲ್ಲ, ಅಷ್ಟೇ.

ಆರ್ಕ್ಟಿಕ್‌ಡೆಮ್ ಬರುವುದು ಧ್ರುವದ ಪ್ರೊಜೆಕ್ಷನ್‌ನಲ್ಲಿ, ಸಾಫ್ಟ್‌ವೇರ್‌ನಲ್ಲಿ ಅದರ ಸಂಕೇತ ಇಪಿಎಸ್‌ಜಿ 3413. ಅದರಲ್ಲಿ ದುಬಾಂಟ್ ಹತ್ತಿರ ಪರದೆಯ ಮೇಲ್ಭಾಗಕ್ಕೂ ನಿಜವಾದ ಉತ್ತರಕ್ಕೂ ಸುಮಾರು 56 ಡಿಗ್ರಿ ವ್ಯತ್ಯಾಸ. ಹಾಗಾಗಿ ಮೊದಲು ಯುಟಿಎಂಗೆ ಬದಲಿಸಿ, ಆಮೇಲೆ ಹಿಲ್‌ಶೇಡ್ ಮಾಡಿ. ಉಲ್ಟಾ ಮಾಡಿದರೆ ಬೆಳಕು ನೀವು ಅಂದುಕೊಂಡ ಕಡೆಯಿಂದ ಬಿದ್ದಿರುವುದಿಲ್ಲ.

ಹಿಲ್‌ಶೇಡ್ ಅಂದರೆ ನೆಲದ ಮೇಲೆ ಕಂಪ್ಯೂಟರ್ ಬಿಡುವ ಸುಳ್ಳು ಬಿಸಿಲು. ಸಾಮಾನ್ಯವಾಗಿ ಸಾಫ್ಟ್‌ವೇರ್ ಬೆಳಕನ್ನು ವಾಯವ್ಯದಿಂದ, ಅಂದರೆ 315 ಡಿಗ್ರಿಯಿಂದ ಬಿಡುತ್ತದೆ. ಬೆಳಕಿನ ದಿಕ್ಕಿಗೇ ಮಲಗಿರುವ ದಿಬ್ಬಕ್ಕೆ ನೆರಳು ಬೀಳುವುದಿಲ್ಲ. ನೆರಳಿಲ್ಲದಿದ್ದರೆ ಅದು ಕಾಣುವುದೇ ಇಲ್ಲ. ದುಬಾಂಟ್‌ನಲ್ಲಿ ಹಿಮ ಹರಿದದ್ದು ವಾಯವ್ಯಕ್ಕೆ, ಏಣುಗಳು ಮಲಗಿರುವುದೂ ಅದೇ ದಿಕ್ಕಿಗೆ. 315ರಲ್ಲೇ ಬಿಟ್ಟರೆ ನಾವು ಹುಡುಕುತ್ತಿರುವುದೇ ಮಾಯ. ಈಶಾನ್ಯದಿಂದ, 45 ಡಿಗ್ರಿಯಿಂದ ಬೆಳಕು ಬಿಡಿ, ಬಾಚಣಿಗೆ ಎಳೆದಂತೆ ಸಾಲು ಸಾಲಾಗಿ ಎದ್ದು ಬರುತ್ತವೆ. ಎರಡನ್ನೂ ಮಾಡಿಟ್ಟುಕೊಂಡು ಒಂದನ್ನು ಮುಚ್ಚಿ ಒಂದನ್ನು ತೆರೆದು ನೋಡಿ. ಎತ್ತರವನ್ನು ಮೂರರಿಂದ ಐದು ಪಟ್ಟು ಹಿಗ್ಗಿಸಿ, ಅಲ್ಲಿನ ದಿಬ್ಬಗಳು ತಗ್ಗಾಗಿಯೇ ಇರುತ್ತವೆ. ಜೊತೆಗೆ ಇಳಿಜಾರಿನ ನಕ್ಷೆ ಒಂದು ಇರಲಿ, ಅದಕ್ಕೆ ಬೆಳಕಿನ ಹಂಗಿಲ್ಲ.

ಗೆರೆ ಮೊದಲು, ಪಾಲಿಗನ್ ಆಮೇಲೆ

ಈಗ ಪೆನ್ನು ಹಿಡಿಯುವ ಹೊತ್ತು. ಹೊಸ ಜಿಯೋಪ್ಯಾಕೇಜ್ (ನಕ್ಷೆಯ ಫೈಲ್) ಮಾಡಿ, ಅದರಲ್ಲಿ ಒಂದು ಗೆರೆಯ ಲೇಯರ್. ಪರದೆಯ ಅಳತೆಯನ್ನು 1:50,000ಕ್ಕೆ ಬೀಗ ಹಾಕಿ. ಹತ್ತಿರ ಹೋಗಿ ದೂರ ಬಂದು ಮಾಡಿದರೆ ಒಂದು ಮೂಲೆ ಅತಿ ನುಣುಪು, ಇನ್ನೊಂದು ಮೂಲೆ ಒರಟು ಆಗುತ್ತದೆ. ಬೇಸಿಗೆಯಲ್ಲಿ ಕೆಲಸ ಮಾಡುವವರು ಗೆರೆ ಎಳೆದಂತೆಲ್ಲ ಸೇವ್ ಮಾಡಿ. ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಕ್ಕಾಗಲ್ಲ.

ಏನನ್ನು ಹುಡುಕಬೇಕು? ಡ್ರಮ್ಲಿನ್‌ನಿಂದ ಶುರು ಮಾಡಿ. ಉದ್ದುದ್ದದ ದಿಬ್ಬ, ಒಂದು ತುದಿ ಮೊಂಡು, ಇನ್ನೊಂದು ತುದಿ ಚೂಪಾಗಿ ಇಳಿಯುತ್ತದೆ. ಹಿಮ ಬಂದದ್ದು ಮೊಂಡು ಕಡೆಯಿಂದ, ಹೋದದ್ದು ಚೂಪಿನ ಕಡೆಗೆ. ಒಂದನ್ನೇ ನೋಡಿ ತೀರ್ಮಾನಿಸಬೇಡಿ, ಸುತ್ತಲಿನ ಹತ್ತಾರು ಒಂದೇ ಮಾತು ಹೇಳುತ್ತವಾ ನೋಡಿ. ಬೋಳು ಬಂಡೆಯ ದಿಬ್ಬದಲ್ಲಿ ಇದು ಉಲ್ಟಾ ಇರಬಹುದು: ಹಿಮ ಬಂದ ಕಡೆ ಉಜ್ಜಿ ನುಣುಪು, ಹೋದ ಕಡೆ ಕಿತ್ತು ಕಡಿದು. ಹಾಗಾಗಿ ದಿಬ್ಬ ಮಣ್ಣಿನದೋ ಬಂಡೆಯದೋ ಅಂತ ಮೊದಲು ನೋಡಿ. ಬಂಡೆಯ ಮಡಿಕೆಗಳು ಬಾಗುತ್ತವೆ, ತಿರುಗುತ್ತವೆ. ಡ್ರಮ್ಲಿನ್‌ಗಳು ಕೆಳಗಿನ ಬಂಡೆ ಯಾವುದಾದರೂ ಲೆಕ್ಕಿಸದೆ ನೇರ ಓಡುತ್ತವೆ.

ಎಸ್ಕರ್ ಗುರುತಿಸುವುದು ನಮ್ಮ ಮಂಡ್ಯದವರಿಗೆ ಸುಲಭ ಆಗಬೇಕು. ನೋಡಲು ಥೇಟ್ ವಿಶ್ವೇಶ್ವರಯ್ಯ ನಾಲೆಯ ಏರಿ. ಕಿರಿದು, ಉದ್ದ, ಹಾವಿನಂತೆ ಸುತ್ತಿ ಹೋಗುತ್ತದೆ. ಹಿಮದ ಅಡಿಯ ಸುರಂಗದಲ್ಲಿ ಹರಿದ ನೀರು ಬಿಟ್ಟುಹೋದ ಮರಳು, ಜಲ್ಲಿ ಅದು. ಒಣಗಿ ಬೆಳ್ಳಗಿರುತ್ತದೆ. ಏರಿಯ ಹೋಲಿಕೆ ಇಲ್ಲಿಗೆ ಮುಗಿಯಿತು, ಯಾಕೆಂದರೆ ನಾಲೆ ಇಳಿಜಾರು ಹಿಡಿದೇ ಹೋಗಬೇಕು. ಎಸ್ಕರ್ ಗುಡ್ಡ ಹತ್ತಿ ಇಳಿಯುತ್ತದೆ. ಮೇಲಿನ ಹಿಮದ ಒತ್ತಡ ಸುರಂಗದ ನೀರನ್ನು ಎತ್ತರಕ್ಕೂ ತಳ್ಳುತ್ತಿತ್ತು.

ಹಡ್ಸನ್ ಕೊಲ್ಲಿಯ ಕಡೆ ಜಾಗ ತಗೊಂಡರೆ ಇನ್ನೊಂದು ತೊಡಕು. ಹಿಮದ ಭಾರಕ್ಕೆ ನೆಲ ಕುಸಿದಿತ್ತು. ಹಿಮ ಕರಗಿದಾಗ ಸಮುದ್ರ ಒಳನುಗ್ಗಿತು. ಆ ಸಮುದ್ರಕ್ಕೆ ಟಿರೆಲ್ ಹೆಸರನ್ನೇ ಇಟ್ಟಿದ್ದಾರೆ. ನೆಲ ನಿಧಾನವಾಗಿ ಮೇಲೆದ್ದಂತೆ ಹಳೆಯ ದಡಗಳು ಮೆಟ್ಟಿಲು ಮೆಟ್ಟಿಲಾಗಿ ಉಳಿದವು. ಚರ್ಚಿಲ್ ಊರಿನ ಹತ್ತಿರ ನೆಲ ಈಗಲೂ ವರ್ಷಕ್ಕೆ ಸುಮಾರು 1 ಸೆಂ.ಮೀ. ಏರುತ್ತಿದೆ. ಈ ಹಳೆಯ ದಡಗಳೂ ಕಿರಿದು, ಸಮಾನಾಂತರ. ಹಿಮದ ಅಂಚು ನೀರಿನಲ್ಲಿ ನಿಂತಾಗ ಆಗುವ ಡಿ ಗೀರ್ ಮೊರೇನ್ ಎಂಬ ಮಣ್ಣು-ಕಲ್ಲಿನ ದಿಬ್ಬಗಳೂ ಕಿರಿದು, ಸಮಾನಾಂತರ. ಬಣ್ಣದಲ್ಲಿ ವ್ಯತ್ಯಾಸ ಸಿಗುವುದಿಲ್ಲ. ಕ್ಯೂಜಿಐಎಸ್‌ನ ಪ್ರೊಫೈಲ್ ಟೂಲ್ ತೆಗೆದು ದಿಬ್ಬದ ನೆತ್ತಿಯ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಎತ್ತರ ಬದಲಾಗದೆ ಮಟ್ಟವಾಗಿ ಬಂದರೆ ಅದು ಹಳೆಯ ದಡ, ನೀರು ಯಾವಾಗಲೂ ಮಟ್ಟ ಹಿಡಿಯುತ್ತದೆ. ಏರುಪೇರಾದರೆ ಮೊರೇನ್. ಅದೇ ಗೆರೆ ಹಾವಿನಂತೆ ಸುತ್ತಿ ಏರಿಳಿದರೆ ಎಸ್ಕರ್. ಒಂದು ಟೂಲ್, ಮೂರು ಉತ್ತರ.

ಗೆರೆಗೆ ಬಾಣ ಹಾಕುವಾಗ ಎಚ್ಚರ. ದಿಕ್ಕು ಖಚಿತ ಇದ್ದರೆ ಮಾತ್ರ ಬಾಣ. ಉದ್ದ ಗೊತ್ತು, ಯಾವ ತುದಿಯಿಂದ ಬಂತು ಗೊತ್ತಿಲ್ಲ ಅಂದರೆ ಬರೀ ಗೆರೆ. ಎರಡು ದಿಕ್ಕಿನ ಗೆರೆಗಳು ಒಂದರ ಮೇಲೊಂದು ಕೂತಿದ್ದರೆ ಮೇಲೆ ಕೂತ ಸಣ್ಣವು ಹೊಸವು, ಅವುಗಳ ಕೆಳಗೆ ಮಾಸಿದ ದೊಡ್ಡವು ಹಳೆಯವು. ಹಿಮ ಹರಿಯಲು ಶುರುವಾಗುವ ಎತ್ತರದ ನೆತ್ತಿಯೇ ಜಾಗ ಬದಲಿಸಿದ ಸೀಮೆ ಇದು, ಇಂಥವು ಸಿಕ್ಕೇ ಸಿಗುತ್ತವೆ.

ಇಷ್ಟಾದ ಮೇಲೆ ಪಾಲಿಗನ್, ಅಂದರೆ ಒಂದೇ ಬಗೆಯ ನೆಲವನ್ನು ಸುತ್ತುವರಿದ ಮುಚ್ಚಿದ ಆಕಾರ. ಆರೇಳು ವರ್ಗ ಸಾಕು: ದಪ್ಪ ಟಿಲ್, ತೆಳು ಟಿಲ್, ಹಿಮನೀರಿನ ಮರಳು-ಜಲ್ಲಿ, ಹಳೆಯ ಸರೋವರ ಅಥವಾ ಸಮುದ್ರದ ಕೆಸರು, ಜೌಗು, ಬಂಡೆ, ನೀರು. ತೆಳು ಅಂದರೆ ಸಾಮಾನ್ಯವಾಗಿ 2 ಮೀಟರ್‌ಗಿಂತ ಕಡಿಮೆ, ಕೆಳಗಿನ ಬಂಡೆಯ ಆಕಾರ ಮೇಲಕ್ಕೆ ಎದ್ದು ಕಾಣುತ್ತದೆ. ದಪ್ಪ ಟಿಲ್ ಬಂಡೆಯನ್ನು ಮುಚ್ಚಿ ತನ್ನದೇ ಆಕಾರ ತೋರಿಸುತ್ತದೆ. ನಕ್ಷೆ 1:2,50,000ದ್ದಾದರೆ ಕಾಗದದ 2 ಮಿ.ಮೀ. ನೆಲದ 500 ಮೀಟರ್. ಅದಕ್ಕಿಂತ ಚಿಕ್ಕದನ್ನು ಬಿಡಿಸಲು ಹೋಗಬೇಡಿ, ಯಾರಿಗೂ ಕಾಣಲ್ಲ.

ಕಂಪ್ಯೂಟರ್‌ಗೆ ಬಿಡುವುದು ಎಷ್ಟು

ರ್‍ಯಾಂಡಮ್ ಫಾರೆಸ್ಟ್ ಎಂಬ ವಿಧಾನ ಎಲ್ಲರಿಗೂ ಪ್ರಿಯ. ಮಾದರಿ ಜಾಗ ತೋರಿಸಿದರೆ ಉಳಿದದ್ದನ್ನು ಅದೇ ವಿಂಗಡಿಸುತ್ತದೆ. ಗೂಗಲ್ ಅರ್ಥ್ ಎಂಜಿನ್‌ನಲ್ಲೂ ಮಾಡಬಹುದು, ಕ್ಯೂಜಿಐಎಸ್‌ನ ಪ್ಲಗಿನ್‌ನಲ್ಲೂ ಮಾಡಬಹುದು. ಜೌಗು, ನೀರು, ಒಣ ಮರಳು, ಇವನ್ನು ಅದು ಚೆನ್ನಾಗಿ ಹಿಡಿಯುತ್ತದೆ.

ಟಿಲ್ ದಪ್ಪವೋ ತೆಳುವೋ ಅನ್ನುವುದು ಅದಕ್ಕೆ ಗೊತ್ತಾಗಲ್ಲ. ಎರಡರ ಮೇಲೂ ಅದೇ ಕುರುಚಲು ಗಿಡ, ಅದೇ ಬಣ್ಣ. ಬಂಡೆ ಮತ್ತು ಕಲ್ಲುರಾಶಿಯ ಮೇಲೆ ಕಪ್ಪು ಕಲ್ಲುಹೂವು ದಟ್ಟವಾಗಿ ಬೆಳೆದಿರುತ್ತದೆ, ಉಪಗ್ರಹ ನೋಡುವುದು ಅದನ್ನು, ಕಲ್ಲನ್ನಲ್ಲ. ದಕ್ಷಿಣಕ್ಕೆ ಮರಗಳಿರುವ ಕಡೆ ಕಾಡ್ಗಿಚ್ಚಿನ ಕಲೆ ಬೇರೆ ಮೋಸ ಮಾಡುತ್ತದೆ. ನನ್ನ ಮಟ್ಟಿಗೆ, ಆಕಾರದ ಗೆರೆಯೆಲ್ಲ ಕೈಯಲ್ಲೇ ಎಳೆದು, ಆ ಗೆರೆಗಳ ಒಳಗೆ ಒದ್ದೆ-ಒಣ ವಿಂಗಡಣೆಯನ್ನು ಮಾತ್ರ ಕಂಪ್ಯೂಟರ್‌ಗೆ ಬಿಡುವುದು ಸರಿ.

ಕಲಿಸಿದ ಜಾಗದಲ್ಲೇ ಪರೀಕ್ಷೆ ಇಡಬೇಡಿ. ಒಂದೇ ಪಾಲಿಗನ್‌ನ ಕೆಲವು ಚುಕ್ಕೆಗಳನ್ನು ಕಲಿಸಲು, ಅಕ್ಕಪಕ್ಕದವನ್ನೇ ಪರೀಕ್ಷಿಸಲು ಬಳಸಿದರೆ ಅಂಕ ನೂರರ ಹತ್ತಿರ ಬರುತ್ತದೆ, ಅರ್ಥ ಮಾತ್ರ ಇರಲ್ಲ. ಪರೀಕ್ಷೆಗೆ ಚೌಕದ ಬೇರೆಯದೇ ಮೂಲೆಯ ಪಾಲಿಗನ್‌ಗಳನ್ನು ಮೊದಲೇ ಎತ್ತಿಡಿ.

ಅನುಮಾನದ ಪಟ್ಟಿ

ಪ್ರತಿ ಗೆರೆಗೂ ಪಾಲಿಗನ್‌ಗೂ ಒಂದು ಕಾಲಂ ಇರಲಿ: ಖಚಿತ, ಬಹುಶಃ, ಊಹೆ. ಖಚಿತವಾದದ್ದಕ್ಕೆ ಪೂರ್ತಿ ಗೆರೆ, ಉಳಿದವಕ್ಕೆ ತುಂಡು ಗೆರೆ. ಯಾವ ಚಿತ್ರ, ಯಾವ ತಾರೀಖಿನದು ಅಂತಲೂ ಬರೆಯಿರಿ. ಆಮೇಲೆ "ಊಹೆ" ಅಂತ ಬಂದವನ್ನು ಸೋಸಿ, ನೆಲದ ಮೇಲೆ ನೋಡಬೇಕಾದ ಬಿಂದುಗಳ ಪಟ್ಟಿ ಮಾಡಿ. ಅಲ್ಲಿ ಇಳಿಯುವವರು ನೀವಲ್ಲದಿರಬಹುದು, ಹಾಗಾಗಿ ಪ್ರತಿ ಬಿಂದುವಿನ ಮುಂದೆ ನಿಮ್ಮ ಪ್ರಶ್ನೆ ಬರೆದಿರಬೇಕು. "ಪರಿಶೀಲಿಸಿ" ಅಂತ ಬರೆದರೆ ಅವರಿಗೆ ಏನೂ ತಿಳಿಯಲ್ಲ. "ಇದು ಟಿಲ್ಲೋ, ನೀರು ತೊಳೆದ ಜಲ್ಲಿಯೋ?" ಅಂತ ಬರೆಯಿರಿ. ಬಿಂದುಗಳನ್ನು ಹೆಲಿಕಾಪ್ಟರ್ ಒಂದೇ ಸುತ್ತಿನಲ್ಲಿ ಮುಟ್ಟುವಂತೆ ಜೋಡಿಸಿ, ಜೌಗಿನ ನಡುವೆ ಇಡಬೇಡಿ. ಎಸ್ಕರ್ ನೆತ್ತಿ ಒಣಗಿ ಗಟ್ಟಿಯಾಗಿರುವುದರಿಂದ ಇಳಿಯಲು ಸುಲಭ, ಆದರೆ ಖನಿಜ ಹುಡುಕುವವರಿಗೆ ಬೇಕಿರುವುದು ಅಲ್ಲಿನ ಮರಳಲ್ಲ, ಪಕ್ಕದ ಟಿಲ್. ಹೆಪ್ಪುಗಟ್ಟಿದ ನೆಲದಲ್ಲಿ ಅಲ್ಲಲ್ಲಿ ಒಳಗಿನ ಹಸಿ ಟಿಲ್ ದುಂಡಗೆ ಉಕ್ಕಿ ಮೇಲೆ ಬಂದಿರುತ್ತದೆ, ಮಾದರಿ ತೆಗೆಯುವುದು ಅಲ್ಲಿಂದಲೇ. ಮೀಟರ್ ಎರಡು ಮೀಟರ್ ಅಗಲದ ಆ ಕೆಸರಿನ ಕಲೆಗಳು ಸೆಂಟಿನೆಲ್‌ನಲ್ಲಿ ಕಾಣುವುದಿಲ್ಲ. ಬಿಂದುವನ್ನು ಟಿಲ್ ಪಾಲಿಗನ್‌ನ ಒಳಗೆ, ಎಸ್ಕರ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಇಟ್ಟರೆ ಸಾಕು, ಉಳಿದದ್ದನ್ನು ಅವರು ಹುಡುಕಿಕೊಳ್ಳುತ್ತಾರೆ.